ಮಗುವಿನ ಜೀವನಾಂಶಕ್ಕೆ ತುಟ್ಟಿಭತ್ಯೆ ಇಲ್ಲ

2024ರ ಆಗಸ್ಟ್ 1ರಿಂದ ರಾಜ್ಯ ಸರ್ಕಾರಿ ನೌಕರರಿಗೆ ಏಳನೇ ವೇತನ ಆಯೋಗದ ಸಂಬಳ ಜಾರಿಗೆ ಬಂತು. ಕನಿಷ್ಠ ಮೂಲ ವೇತನ 17,000 ರೂಪಾಯಿ ಇದ್ದದ್ದು 27,000 ಆಯಿತು. ಅದರಲ್ಲಿ ಹಳೆಯ ತುಟ್ಟಿಭತ್ಯೆಯೂ ಕರಗಿ ಸೇರಿದೆ ಎಂಬುದು ನಿಜ. ಅದನ್ನು ಬದಿಗಿಟ್ಟರೂ ಹಳೆಯ ಮೂಲ ವೇತನದ ಶೇ. 27.5ರಷ್ಟು ಹೆಚ್ಚಳ ಉಳಿಯುತ್ತದೆ. ಇದರ ಮೇಲೆ ವರ್ಷಕ್ಕೊಂದು ಇನ್‌ಕ್ರಿಮೆಂಟ್, ಜನವರಿ ಮತ್ತು ಜುಲೈ ಲೆಕ್ಕದಲ್ಲಿ ತುಟ್ಟಿಭತ್ಯೆಯ ಪರಿಷ್ಕರಣೆ. ಇದಕ್ಕಾಗಿ ಯಾವ ನೌಕರನೂ ವಕೀಲರನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಬೆಲೆ ಏರಿದೆ ಎಂದು ಯಾರ ಮುಂದೆಯೂ ರುಜುವಾತು ಮಾಡಬೇಕಿಲ್ಲ.

ಅದೇ ನೌಕರ ಹೆಂಡತಿಯಿಂದ ಬೇರೆಯಾಗಿದ್ದಾನೆ, ಮಗಳು ತಾಯಿಯ ಜೊತೆ ಇದ್ದಾಳೆ ಎಂದುಕೊಳ್ಳಿ. 2016ರಲ್ಲಿ ಕೋರ್ಟು ಮಗಳಿಗೆ ತಿಂಗಳಿಗೆ 4,000 ರೂಪಾಯಿ ಜೀವನಾಂಶ ಕೊಡು ಎಂದಿತ್ತು. ಇಂದಿಗೂ ಅದು 4,000 ರೂಪಾಯಿಯೇ. ಆ ಅಂಕಿ ಒಂದು ರೂಪಾಯಿ ಮೇಲೇರಬೇಕಾದರೂ ತಾಯಿ ಹೊಸದಾಗಿ ಅರ್ಜಿ ಹಾಕಬೇಕು, ನೋಟಿಸ್ ಜಾರಿಯಾಗಬೇಕು, ಆತ ತಕರಾರು ಸಲ್ಲಿಸಬೇಕು, ಸಾಕ್ಷ್ಯ ಹೇಳಬೇಕು, ಪಾಟೀ ಸವಾಲು ಎದುರಿಸಬೇಕು. ಅಪ್ಪನ ಸಂಬಳಕ್ಕೆ ತಾನಾಗಿ ಬರುವ ಏರಿಕೆ ಮಗಳ ಅನ್ನಕ್ಕೆ ಬರಬೇಕಾದರೆ ವ್ಯಾಜ್ಯ ಹೂಡಬೇಕೆನ್ನುವ ಏರ್ಪಾಡು ನನಗೆ ಎಂದೂ ಸರಿಕಂಡಿಲ್ಲ. ಆದರೆ ಸದ್ಯಕ್ಕೆ ಇರುವುದು ಅದೇ. ಆ ದಾರಿಯಲ್ಲಿ ಹೋಗುವುದು ಹೇಗೆ, ಎಲ್ಲಿ ಎಡವುತ್ತಾರೆ ಎಂಬುದನ್ನು ನೋಡೋಣ.

ಕಾನೂನಿನ ಇತಿಹಾಸವೇ ಸ್ವಲ್ಪ ನಿಧಾನಿ. ಹೆಂಡತಿ, ಮಕ್ಕಳು, ತಂದೆ-ತಾಯಿಯ ಜೀವನಾಂಶಕ್ಕೆ ಬಹುತೇಕ ಎಲ್ಲರೂ ಹಿಡಿಯುತ್ತಿದ್ದ ದಾರಿ ಸಿಆರ್‌ಪಿಸಿಯ ಕಲಂ 125. 1974ರಲ್ಲಿ ಜಾರಿಗೆ ಬಂದ ಆ ಸಂಹಿತೆಯಲ್ಲಿ ತಿಂಗಳಿಗೆ 500 ರೂಪಾಯಿ ಮೀರುವಂತಿಲ್ಲ ಎಂಬ ಮಿತಿ ಇತ್ತು. ಮೊತ್ತ ಹೆಚ್ಚಿಸಲು ಇದ್ದ ಕಲಂ 127ಕ್ಕೂ ಅದೇ ಕಟ್ಟು. ಅಕ್ಕಿ, ಬೇಳೆ, ಬಾಡಿಗೆ, ಬಸ್ ಚಾರ್ಜು ಎಲ್ಲವೂ ಎಷ್ಟೋ ಪಟ್ಟು ಏರಿದರೂ ಪುಸ್ತಕದಲ್ಲಿ 500 ಮಾತ್ರ ಅಲ್ಲಾಡಲಿಲ್ಲ. ಆ ಮಿತಿ ತೆಗೆದುಹಾಕಲು ಸಂಸತ್ತಿಗೆ 2001ರವರೆಗೆ ಬೇಕಾಯಿತು. ಅದೇ ತಿದ್ದುಪಡಿ ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟಿಸ್ ತಲುಪಿದ 60 ದಿನಗಳೊಳಗೆ ಆದಷ್ಟೂ ಇತ್ಯರ್ಥ ಮಾಡಬೇಕು ಎಂದೂ ಹೇಳಿತು. ಆ 'ಆದಷ್ಟೂ' ಎಂಬ ಸಂದಿಯಲ್ಲಿ ಎಷ್ಟು ವಾಯಿದೆಗಳು ನುಸುಳಿಹೋಗಿವೆ ಎಂಬುದು ಕೋರ್ಟಿನ ಕಾರಿಡಾರಿನಲ್ಲಿ ಕೂತವರಿಗೆ ಗೊತ್ತು.

2024ರ ಜುಲೈ 1ರಿಂದ ಸಿಆರ್‌ಪಿಸಿಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಹಳೆಯ 125 ಈಗ 144. ಮೊತ್ತ ಬದಲಿಸುವ 127 ಈಗ 146. ವಸೂಲಿಯ 128 ಈಗ 147. ನಂಬರು ಬದಲಾದರೂ ಹೆಚ್ಚಳಕ್ಕೆ ಬೇಕಾದ ಆಧಾರ ಮೊದಲಿನದೇ: ಪರಿಸ್ಥಿತಿ ಬದಲಾಗಿದೆ ಎಂದು ರುಜುವಾತಾಗಬೇಕು. 2016ರ ಆದೇಶ ಹಳೆಯ ಕಾನೂನಿನಲ್ಲಿ ಆಗಿದ್ದರೂ ಈಗ ಹೊಸದಾಗಿ ಹಾಕುವ ಅರ್ಜಿ 146ರಡಿ. ಜಿಲ್ಲಾ ಕೇಂದ್ರದಲ್ಲಿ ಕೌಟುಂಬಿಕ ನ್ಯಾಯಾಲಯವಿದ್ದರೆ ಅಲ್ಲಿ, ಇಲ್ಲದ ಕಡೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ. ಸಾಮಾನ್ಯವಾಗಿ ಮೊದಲು ಆದೇಶ ಕೊಟ್ಟ ಕೋರ್ಟಿಗೇ ಹೋಗಬೇಕು.

ಎಲ್ಲರ ಆದೇಶವೂ 125ರಡಿಯೇ ಆಗಿರುವುದಿಲ್ಲ. ವಿಚ್ಛೇದನದ ಡಿಕ್ರಿಯ ಜೊತೆ ಬಂದ ಮಕ್ಕಳ ಜೀವನಾಂಶವಾದರೆ ಹಿಂದೂ ವಿವಾಹ ಕಾಯ್ದೆಯ ಕಲಂ 26ರಡಿ ಕೇಳಬಹುದು. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಬಂದ ಆದೇಶವಾದರೆ ಆ ಕಾಯ್ದೆಯ 25(2). ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಡಿಯದಾದರೆ ಅದರ ಕಲಂ 25. ತಲಾಖ್ ಆಗಿರುವ ಮುಸ್ಲಿಂ ತಂದೆಯೂ ಮಕ್ಕಳನ್ನು ಸಾಕುವ ಹೊಣೆಯಿಂದ ತಪ್ಪಿಸಿಕೊಳ್ಳುವಂತಿಲ್ಲ, ಮಕ್ಕಳಿಗೆ 125ರ ಬಾಗಿಲು ತೆರೆದೇ ಇದೆ ಎಂದು ಸುಪ್ರೀಂ ಕೋರ್ಟ್ 1997ರಲ್ಲೇ ನೂರ್ ಸಬಾ ಖಾತೂನ್ ಪ್ರಕರಣದಲ್ಲಿ ಹೇಳಿದೆ. ನಿಮ್ಮ ಹಳೆಯ ಆದೇಶದ ಮೊದಲ ಪುಟದಲ್ಲಿ ಯಾವ ಕಲಂ ಇದೆ ನೋಡಿ, ಮೊದಲು ಬಡಿಯಬೇಕಾದ ಬಾಗಿಲು ಅಲ್ಲೇ ಗೊತ್ತಾಗುತ್ತದೆ. ಆದೇಶದ ದೃಢೀಕೃತ ನಕಲು ಇಲ್ಲದಿದ್ದರೆ ಮೊದಲು ಅದಕ್ಕೆ ಅರ್ಜಿ ಹಾಕಿ.

'ಪರಿಸ್ಥಿತಿಯ ಬದಲಾವಣೆ' ಎಂದರೆ ಅಪ್ಪನ ಸಂಬಳ ಏರಿರಬೇಕು ಎಂದಷ್ಟೇ ಹಲವರು ತಿಳಿದಿದ್ದಾರೆ. ಕೆಲವು ವಕೀಲರೂ ಅರ್ಜಿಯಲ್ಲಿ ಅದೊಂದನ್ನೇ ಬರೆದು ಕೈತೊಳೆದುಕೊಳ್ಳುತ್ತಾರೆ. ಮಗು ಬೆಳೆದದ್ದೇ ದೊಡ್ಡ ಬದಲಾವಣೆ. ಬೆಲೆ ಏರಿದ್ದು ಇನ್ನೊಂದು. ಮಗುವಿಗೆ ಕಾಯಿಲೆ ಬಂದದ್ದು, ಕನ್ನಡಕ ಬಂದದ್ದು, ತಾಯಿಯ ಕೆಲಸ ಹೋದದ್ದು, ಮೊದಲು ಅಜ್ಜಿ ಮನೆಯಲ್ಲಿದ್ದವರು ಬಾಡಿಗೆ ಮನೆಗೆ ಬಂದದ್ದು, ಇವೆಲ್ಲ ಬದಲಾವಣೆಗಳೇ. ಆದರೆ ಒಂದು ಷರತ್ತು. ಬದಲಾವಣೆ ಹಿಂದಿನ ಆದೇಶದ ನಂತರ ಆಗಿರಬೇಕು. ಕೌಟುಂಬಿಕ ದೌರ್ಜನ್ಯ ಕಾಯ್ದೆಯ 25(2)ರ ಬಗ್ಗೆ ಕರ್ನಾಟಕದಿಂದ ಹೋದ ಪ್ರಕರಣವೊಂದರಲ್ಲಿ 2024ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಇದನ್ನು ಬಿಡಿಸಿ ಹೇಳಿದೆ. ಅಲ್ಲಿ ಕೇಳಿದ್ದು ಗಂಡ, ಆದೇಶ ರದ್ದು ಮಾಡಿ ಕೊಟ್ಟ ಹಣ ವಾಪಸು ಕೊಡಿಸಿ ಎಂದು. ಆದರೂ ಮಾತು ಎರಡೂ ಕಡೆಗೆ ಅನ್ವಯಿಸುತ್ತದೆ. ಹಳೆಯ ಕೇಸಿನಲ್ಲಿ ಹೇಳಬೇಕಿದ್ದು ಹೇಳದೆ ಉಳಿದದ್ದನ್ನು ಈಗ ತಂದರೆ ಅದು ಬದಲಾವಣೆ ಎನಿಸುವುದಿಲ್ಲ.

ಒಂದು ಲೆಕ್ಕ ಹಾಕಿಯೇ ನೋಡೋಣ. ಹೆಸರು ಬೇಡ. ಊರು ಹಾಸನ ಎಂದಿಟ್ಟುಕೊಳ್ಳಿ. ಆದೇಶವಾದಾಗ ಮಗಳು ಎಲ್‌ಕೆಜಿ, ಈಗ ಎಂಟನೇ ತರಗತಿ. ತಾಯಿ ಗಾರ್ಮೆಂಟ್ಸಿಗೆ ಹೋಗುತ್ತಾಳೆ, ಕೈಗೆ 13,000 ಬರುತ್ತದೆ. ತಂದೆ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ, ಕಡಿತಗಳೆಲ್ಲ ಹೋಗಿ 52,000. ಶಾಲೆಯ ಫೀಸು ವರ್ಷಕ್ಕೆ 36,000. ವ್ಯಾನ್ ಹತ್ತು ತಿಂಗಳಿಗೆ 12,000. ಗಣಿತ-ವಿಜ್ಞಾನದ ಟ್ಯೂಷನ್ 15,000. ಪುಸ್ತಕ, ಎರಡು ಜೊತೆ ಸಮವಸ್ತ್ರ, ಶೂ, ಬ್ಯಾಗು 9,000. ಒಟ್ಟು 72,000, ಅಂದರೆ ತಿಂಗಳಿಗೆ 6,000. ಶಾಲೆಯ ಖರ್ಚೇ ಇಷ್ಟು, ಹುಡುಗಿ ಇನ್ನೂ ಊಟ ಮಾಡಿಲ್ಲ. ಅವಳ ಪಾಲಿನ ದಿನಸಿ, ಹಾಲು, ತರಕಾರಿ, ಗ್ಯಾಸು 3,500. ಮನೆ ಬಾಡಿಗೆ 7,500, ಇರುವವರು ಅಜ್ಜಿಯೂ ಸೇರಿ ಮೂವರು, ಅವಳ ಪಾಲು 2,500. ಕನ್ನಡಕ, ಹಲ್ಲಿನ ಡಾಕ್ಟರು, ಜ್ವರದ ಮಾತ್ರೆ ಎಲ್ಲ ಸೇರಿ ತಿಂಗಳಿಗೆ 500. ಬಟ್ಟೆ, ಪ್ಯಾಡು, ಎಣ್ಣೆ-ಸೋಪು, ಗೌರಿ ಹಬ್ಬಕ್ಕೊಂದು ಲಂಗ ಎಂದು 1,000. ಒಟ್ಟು 13,500.

ಈಗ 2016ರ 4,000ಕ್ಕೆ ಬನ್ನಿ. ಬೆಲೆಗಳು ವರ್ಷಕ್ಕೆ ಶೇ. 5ರಂತೆ ಏರಿದವು ಎಂದು ಹಿಡಿದರೂ ಒಂಬತ್ತು ವರ್ಷಕ್ಕೆ ಅದು ಸುಮಾರು 6,200 ಆಗಬೇಕಿತ್ತು. ಅಂದರೆ 6,200ರವರೆಗಿನದು ಹೆಚ್ಚಳವೇ ಅಲ್ಲ, ಕೋರ್ಟು ಆಗ ಕೊಟ್ಟದ್ದರ ಇವತ್ತಿನ ಬೆಲೆ ಅಷ್ಟೇ. ಅದರಿಂದಾಚೆಗಿನದು ನಾಲ್ಕು ವರ್ಷದ ಕೂಸು ಹದಿಮೂರರ ಹುಡುಗಿ ಆದದ್ದಕ್ಕೆ. ಅರ್ಜಿಯಲ್ಲಿ ಈ ಎರಡನ್ನೂ ಬೇರೆ ಬೇರೆ ಪ್ಯಾರಾದಲ್ಲಿ ಬರೆದರೆ ನ್ಯಾಯಾಧೀಶರಿಗೆ ವಿಷಯ ಕಣ್ಣಿಗೆ ಕಟ್ಟುತ್ತದೆ. 'ಈಗಿನ ದುಬಾರಿ ಕಾಲದಲ್ಲಿ ಸಂಸಾರ ನಡೆಸುವುದು ಕಷ್ಟವಾಗಿದೆ' ಎಂಬ ಒಂದೇ ಸಾಲು ಎಲ್ಲ ಅರ್ಜಿಗಳಲ್ಲೂ ಇರುತ್ತದೆ, ಅದನ್ನು ಓದಿ ಓದಿ ಅವರಿಗೂ ಸಾಕಾಗಿದೆ.

ಈ 13,500 ಪೂರ್ತಿ ಅಪ್ಪನೇ ಕೊಡಬೇಕೇ? 'ಅವಳೂ ದುಡೀತಾಳಲ್ಲ ಸ್ವಾಮಿ' ಎಂಬುದು ಗಂಡಸರ ಕಡೆಯ ಮೊದಲ ವಾದ, ಅದು ತಪ್ಪು ವಾದವೇನಲ್ಲ. ಇಬ್ಬರೂ ದುಡಿಯುತ್ತಿದ್ದರೆ ದುಡಿಮೆಗೆ ತಕ್ಕ ಪಾಲು ಹಾಕಬೇಕು. 2000ದ ಪದ್ಮಜಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತಂದೆ ಎರಡು ಪಾಲು, ತಾಯಿ ಒಂದು ಪಾಲು ಎಂದು ಹಂಚಿತು. ನಮ್ಮ ಲೆಕ್ಕದಲ್ಲಿ 52,000 ಮತ್ತು 13,000, ಅಂದರೆ ನಾಲ್ಕಕ್ಕೆ ಒಂದು. ತಂದೆಯದು 10,800, ತಾಯಿಯದು 2,700. ಬೆಳಿಗ್ಗೆ ಐದಕ್ಕೆ ಎದ್ದು ಡಬ್ಬಿ ಕಟ್ಟುವುದು, ಜ್ವರ ಬಂದ ರಾತ್ರಿ ಪಕ್ಕದಲ್ಲಿ ಕೂರುವುದು, ಪೇರೆಂಟ್ಸ್ ಮೀಟಿಂಗಿಗೆ ಅರ್ಧ ದಿನದ ಕೂಲಿ ಕಳೆದುಕೊಳ್ಳುವುದು ಯಾವ ಕಾಲಮ್ಮಿನಲ್ಲೂ ಬರುವುದಿಲ್ಲ. ಬರಬೇಕಿತ್ತು ಎಂದು ನನ್ನ ವಾದ. ಕೆಲವು ನ್ಯಾಯಾಧೀಶರು ಮನಸ್ಸಿನಲ್ಲೇ ಅದನ್ನು ಸೇರಿಸಿಕೊಳ್ಳುತ್ತಾರೆ, ಎಲ್ಲರೂ ಅಲ್ಲ.

ಮೊತ್ತಕ್ಕೆ ಸೂತ್ರ ಇದೆಯೇ ಎಂದು ಕೇಳಿದರೆ, ಇಲ್ಲ. 2017ರಲ್ಲಿ ಕಲ್ಯಾಣ್ ಡೇ ಚೌಧರಿ ಪ್ರಕರಣದಲ್ಲಿ ಗಂಡನ ನಿವ್ವಳ ಸಂಬಳದ ಶೇ. 25 ಹೆಂಡತಿಗೆ ನ್ಯಾಯವಾದದ್ದು ಎಂಬ ಮಾತು ಸುಪ್ರೀಂ ಕೋರ್ಟಿನಿಂದ ಬಂತು. ಅಂದಿನಿಂದ ಅದು ಕಾಯ್ದೆಯೇ ಎಂಬಂತೆ ಎಲ್ಲ ಕಡೆ ಉಲ್ಲೇಖವಾಗುತ್ತದೆ. ಕಾಯ್ದೆ ಅಲ್ಲ, ಅದೊಂದು ಅಂದಾಜಿನ ಅಳತೆ. ಮಗುವಿನ ವಿಷಯದಲ್ಲಿ ಕೋರ್ಟು ನೋಡುವುದು ಮಗುವಿನ ನಿಜವಾದ ಅಗತ್ಯ, ತಂದೆ-ತಾಯಿಯ ಶಕ್ತಿ, ಅಪ್ಪ ಬದುಕುತ್ತಿರುವ ರೀತಿಗೆ ಮಗುವಿನ ಬದುಕು ಎಷ್ಟು ದೂರವಿದೆ ಎಂಬುದು.

ಹಾಗೆಂದು ಪಟ್ಟಿಯನ್ನು ಉಬ್ಬಿಸಿದರೆ ತಿರುಗುಬಾಣ. 2024ರ ಆಗಸ್ಟಿನಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿ ಹೆಂಡತಿಯೊಬ್ಬರ ಪರವಾಗಿ ತಿಂಗಳಿಗೆ 6,16,300 ರೂಪಾಯಿ ಕೇಳಿದ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಅಷ್ಟು ಖರ್ಚು ಮಾಡಬೇಕೆಂದಿದ್ದರೆ ಆಕೆಯೇ ದುಡಿಯಲಿ ಎಂಬರ್ಥದಲ್ಲಿ ನ್ಯಾಯಮೂರ್ತಿ ಲಲಿತಾ ಕನ್ನೆಗಂಟಿ ಗದರಿದರು. ಅದು ಮಗುವಿನ ಕೇಸಾಗಿರಲಿಲ್ಲ. ಆದರೂ ಆ ಒಂದು ವಿಡಿಯೊದಿಂದಾಗಿ 8,000 ಕೇಳುವ ಸಾವಿರಾರು ಹೆಂಗಸರನ್ನೂ ಜನ ಅದೇ ಕಣ್ಣಿನಿಂದ ನೋಡುವಂತಾಯಿತು. ಕೋರ್ಟಿಗೆ ಬೇಕಾದದ್ದು ರಸೀದಿ. ಶಾಲೆಯ ಫೀಸಿನ ರಸೀದಿ, ವ್ಯಾನಿನವರಿಗೆ ಫೋನ್‌ಪೇ ಮಾಡಿದ್ದರ ವಿವರ, ಔಷಧಿ ಅಂಗಡಿಯ ಬಿಲ್ಲು, ಬಾಡಿಗೆ ಕರಾರು. ಟ್ಯೂಷನ್ ಮೇಷ್ಟ್ರು ರಸೀದಿ ಕೊಡುವುದಿಲ್ಲ, ನಿಜ. ಅವರಿಂದ ಒಂದು ಚೀಟಿ ಬರೆಸಿಕೊಳ್ಳಿ, ಇಲ್ಲವೇ ಹಣವನ್ನು ಬ್ಯಾಂಕ್ ಮೂಲಕ ಕೊಡಲು ಶುರುಮಾಡಿ. ಅರ್ಜಿ ಹಾಕುವ ಯೋಚನೆ ಬಂದ ತಿಂಗಳಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಖರ್ಚು ಬರೆಯುತ್ತಾ ಹೋದವರು ಪಾಟೀ ಸವಾಲಿನಲ್ಲಿ ತಡವರಿಸುವುದು ಕಡಿಮೆ.

ಕಷ್ಟದ ಭಾಗ ಅಪ್ಪನ ಆದಾಯ ತೋರಿಸುವುದು. ಈ ಹೊರೆಯನ್ನು ಸುಪ್ರೀಂ ಕೋರ್ಟು 2020ರ ನವೆಂಬರ್ 4ರ ರಜನೀಶ್ ವಿರುದ್ಧ ನೇಹಾ ತೀರ್ಪಿನಲ್ಲಿ ಬಹಳಷ್ಟು ಇಳಿಸಿದೆ. ಜೀವನಾಂಶದ ಎಲ್ಲ ಪ್ರಕರಣಗಳಲ್ಲೂ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲ, ಖರ್ಚನ್ನು ಪ್ರಮಾಣಪತ್ರದಲ್ಲಿ ಬಿಚ್ಚಿಡಬೇಕು. ಅದರ ನಮೂನೆಯನ್ನು ತೀರ್ಪಿನ ಜೊತೆಗೇ ಲಗತ್ತಿಸಲಾಗಿದೆ. ಬೇಸಾಯದ ಕುಟುಂಬಗಳಿಗೆ ಬೇರೆಯೇ ನಮೂನೆ ಇದೆ, ಇದು ಹಳ್ಳಿಗಾಡಿನ ಎಷ್ಟೋ ವಕೀಲರ ಗಮನಕ್ಕೆ ಬಂದಿಲ್ಲ. ಎದುರುದಾರ ನಾಲ್ಕು ವಾರದೊಳಗೆ ಉತ್ತರದ ಜೊತೆ ಪ್ರಮಾಣಪತ್ರ ಸಲ್ಲಿಸಬೇಕು. ಸುಳ್ಳು ಹೇಳಿದರೆ ಸುಳ್ಳು ಸಾಕ್ಷ್ಯದ ಕ್ರಮಕ್ಕೆ ಗುರಿಯಾಗಬೇಕು.

ಸಂಬಳದವರ ಲೆಕ್ಕ ಸುಲಭ. ವೇತನ ಚೀಟಿ, ಫಾರಂ 16, ಬ್ಯಾಂಕ್ ಸ್ಟೇಟ್‌ಮೆಂಟ್ ಹಾಜರುಪಡಿಸಲು ಕೋರ್ಟಿನಿಂದ ಆದೇಶ ಕೇಳಬಹುದು, ಆತ ಕೊಡದಿದ್ದರೆ ಕಚೇರಿಯಿಂದಲೇ ತರಿಸಬಹುದು. ಅಲ್ಲೊಂದು ಆಟ ನಡೆಯುತ್ತದೆ. ಸೊಸೈಟಿ ಸಾಲ, ಕಾರಿನ ಕಂತು, ಚೀಟಿ, ಇಷ್ಟಪಟ್ಟು ಕಟ್ಟುವ ವಿಮೆ ಎಲ್ಲ ಸಂಬಳದಲ್ಲಿ ಕಡಿತವಾಗಿ ಕೈಗೆ 19,000 ಮಾತ್ರ ಬರುತ್ತದೆ ಎಂದು ಚೀಟಿ ಹಿಡಿದು ಬರುತ್ತಾರೆ. ತೆರಿಗೆಯಂಥ ಕಡ್ಡಾಯ ಕಡಿತವನ್ನು ಕೋರ್ಟು ಒಪ್ಪುತ್ತದೆ. ತನಗಾಗಿ ಆಸ್ತಿ ಮಾಡಿಕೊಳ್ಳುವ ಕಂತನ್ನು ಮಗುವಿನ ತಟ್ಟೆಯಿಂದ ಕಳೆಯಲು ಸಾಮಾನ್ಯವಾಗಿ ಒಪ್ಪುವುದಿಲ್ಲ. ಕೇಸು ಬಿದ್ದ ಮೇಲೆ ತೆಗೆದ ಸಾಲದ ತಾರೀಖನ್ನು ಗಮನಿಸಿ, ಅದೇ ಎಷ್ಟೋ ಕಥೆ ಹೇಳುತ್ತದೆ.

ಸಂಬಳವಿಲ್ಲದವರದು ಬೇರೆ ಕಥೆ. ಅಡಿಕೆ ತೋಟ, ಕಾಫಿ, ಕಂಟ್ರಾಕ್ಟು, ಅಂಗಡಿ, ಮರಳು ಲಾರಿ. ಎಲ್ಲರೂ ಕೋರ್ಟಿನಲ್ಲಿ ಕೂಲಿ ಮಾಡಿಕೊಂಡಿದ್ದೇನೆ ಎನ್ನುತ್ತಾರೆ. ಭೂಮಿ ತಂತ್ರಾಂಶದಿಂದ ಪಹಣಿ ತೆಗೆಯುವುದು ಯಾರಿಗೂ ಕಷ್ಟವಲ್ಲ. ಅದರಲ್ಲಿ ಎಕರೆ, ಬೆಳೆ, ಸಾಲ ಎಲ್ಲ ಇರುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪ್ರಮಾಣಪತ್ರ ತೆಗೆದರೆ ಆದೇಶದ ನಂತರ ಕೊಂಡ ಸೈಟು, ತಮ್ಮನ ಹೆಸರಿಗೆ ಮಾಡಿದ ದಾನಪತ್ರ ಕಾಣಿಸುತ್ತದೆ. ಟ್ರ್ಯಾಕ್ಟರ್, ಕಾರಿನ ನಂಬರು ಬರೆದಿಟ್ಟುಕೊಳ್ಳಿ. ಮದುವೆಮನೆಯ ಫೋಟೊ, ದುಬೈ ಪ್ರವಾಸದ ಸ್ಟೇಟಸ್ಸು ಹಾಜರು ಮಾಡುವವರಿದ್ದಾರೆ. ಅವು ಒಂದಿಷ್ಟು ಬಣ್ಣ ಕೊಡುತ್ತವೆ, ಆದರೆ ಪಹಣಿಯ ತೂಕ ಅವಕ್ಕಿಲ್ಲ. ತನಗೆ ಮಾತ್ರ ಗೊತ್ತಿರುವ ಆದಾಯವನ್ನು ಆತ ಮುಚ್ಚಿಟ್ಟರೆ, ಕೋರ್ಟು ಅವನ ವಿರುದ್ಧವೇ ಊಹೆ ಮಾಡಿಕೊಳ್ಳಬಹುದು.

ಕೆಲಸವೇ ಇಲ್ಲ ಎಂಬ ವಾದಕ್ಕೆ 2022ರ ಅಂಜು ಗರ್ಗ್ ತೀರ್ಪು ಉತ್ತರ ಕೊಟ್ಟಿದೆ. ಗಟ್ಟಿಮುಟ್ಟಾದ ಗಂಡಸು ಮೈಮುರಿದು ದುಡಿದಾದರೂ ಹೆಂಡತಿ, ಅಪ್ರಾಪ್ತ ಮಕ್ಕಳನ್ನು ಸಾಕಬೇಕು. ನಿಜಕ್ಕೂ ಕಾಯಿಲೆ ಬಿದ್ದಿದ್ದರೆ, ಕಂಪನಿ ಮುಚ್ಚಿದ್ದರೆ ಮಾತು ಬೇರೆ. ಪರಿಸ್ಥಿತಿ ಬದಲಾದರೆ ಮೊತ್ತ ಇಳಿಸಿ ಎಂದು ಕೇಳುವ ಹಕ್ಕನ್ನು ಅದೇ ಕಲಂ ತಂದೆಗೂ ಕೊಟ್ಟಿದೆ. ನೀವು ಹೆಚ್ಚಳ ಕೇಳಿದ ಮಾರನೇ ವಾಯಿದೆಗೆ ಇಳಿಸುವ ಅರ್ಜಿ ಬಂದರೆ ಗಾಬರಿಯಾಗಬೇಡಿ, ಅದು ರೂಢಿಯ ಪಟ್ಟು. ಆತ ಮರುಮದುವೆಯಾಗಿ ಇನ್ನಿಬ್ಬರು ಮಕ್ಕಳಿದ್ದಾರೆ ಎಂಬುದನ್ನು ಕೋರ್ಟು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆದರೆ ಅದರಿಂದ ಮೊದಲ ಮಗುವಿನ ಪಾಲು ಅಳಿಸಿಹೋಗುವುದಿಲ್ಲ.

'ಮಗು ನೋಡೋಕೇ ಬಿಡಲ್ಲ, ದುಡ್ಡು ಯಾಕೆ ಕೊಡಲಿ' ಎಂಬ ಮಾತು ಕಾರಿಡಾರಿನಲ್ಲಿ ದಿನಕ್ಕೆ ಹತ್ತು ಸಲ ಕೇಳುತ್ತದೆ. 'ದುಡ್ಡು ಕೊಟ್ಟಿಲ್ಲ, ಮಗು ಯಾಕೆ ತೋರಿಸಲಿ' ಎಂಬುದೂ ಅಷ್ಟೇ ಸಲ. ಕಾನೂನಿಗೆ ಇವೆರಡೂ ಬೇರೆ ಬೇರೆ. ಅಪ್ಪನನ್ನು ನೋಡುವುದೂ ಮಗುವಿನ ಹಕ್ಕು, ಅಪ್ಪನಿಂದ ಪಡೆಯುವುದೂ ಮಗುವಿನ ಹಕ್ಕು. ಒಂದನ್ನು ತಡೆದು ಇನ್ನೊಂದನ್ನು ವಸೂಲು ಮಾಡಲು ಹೋದವರ ಬಗ್ಗೆ ನ್ಯಾಯಾಧೀಶರಿಗೆ ಒಳ್ಳೆಯ ಅಭಿಪ್ರಾಯ ಮೂಡುವುದಿಲ್ಲ. ಹೆಚ್ಚಳ ಕೇಳುವ ತಾಯಿ ಭೇಟಿಯ ಆದೇಶವನ್ನು ಪಾಲಿಸಿರುವುದನ್ನು ತಾನಾಗಿಯೇ ಹೇಳಿಕೊಂಡರೆ ಕೇಸಿಗೆ ಬಲ.

ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ 'ಒನ್ ಟೈಮ್ ಸೆಟ್ಲ್‌ಮೆಂಟ್' ಮಾಡಿಕೊಂಡವರು ತಮಗೆ ಈ ದಾರಿ ಮುಚ್ಚಿದೆ ಎಂದುಕೊಂಡು ಸುಮ್ಮನಿರುತ್ತಾರೆ. 'ಇನ್ನು ಮುಂದೆ ನಾನಾಗಲಿ ಮಗುವಾಗಲಿ ಏನನ್ನೂ ಕೇಳುವುದಿಲ್ಲ' ಎಂದು ಸಹಿ ಹಾಕಿದ್ದೇವಲ್ಲ ಎಂಬ ಅಳುಕು. ತನ್ನ ಹಕ್ಕನ್ನು ತಾಯಿ ಬಿಟ್ಟುಕೊಡಬಹುದು, ಮಗುವಿನ ಹಕ್ಕನ್ನು ಬಿಟ್ಟುಕೊಡಲು ಆಕೆಗೆ ಅಧಿಕಾರವಿಲ್ಲ ಎಂಬುದು ಕೋರ್ಟುಗಳು ಮತ್ತೆ ಮತ್ತೆ ಎತ್ತಿಹಿಡಿದಿರುವ ತತ್ವ. ಆಗ ಮಗುವಿನ ಹೆಸರಿನಲ್ಲಿ ಇಟ್ಟ ಠೇವಣಿ ಎಷ್ಟು, ಅದರ ಬಡ್ಡಿ ಎಷ್ಟು ಎಂಬುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ, ಅದನ್ನು ಮುಚ್ಚಿಡಬೇಡಿ.

ಬಾಕಿ ಇದ್ದವರು ಹೆಚ್ಚಳದ ಅರ್ಜಿಯ ಜೊತೆಗೇ ವಸೂಲಿಯ ಅರ್ಜಿಯನ್ನೂ ಹಾಕಬೇಕು. ವಾರಂಟ್ ಹೊರಡಿಸಿ ವಸೂಲು ಮಾಡಬೇಕಾದರೆ ಹಣ ಕೊಡಬೇಕಿದ್ದ ದಿನದಿಂದ ಒಂದು ವರ್ಷದೊಳಗೆ ಕೇಳಬೇಕು ಎಂಬ ನಿಯಮವಿದೆ. ಮೂರು ವರ್ಷ ಬಿಟ್ಟು ಬಂದವರು ಈ ದಾರಿಯಲ್ಲಿ ಎರಡು ವರ್ಷದ ಹಣವನ್ನು ಕಷ್ಟಕ್ಕೆ ಸಿಲುಕಿಸಿರುತ್ತಾರೆ. ಕೊಡದೆ ಜೈಲಿಗೆ ಹೋಗಿ ಬಂದವನ ಬಾಕಿಯೂ ತೀರಿಹೋಗುವುದಿಲ್ಲ ಎಂದು 1988ರಲ್ಲೇ ಕುಲದೀಪ್ ಕೌರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜೈಲು ವಸೂಲಿಯ ಒಂದು ವಿಧಾನ, ಸಾಲ ಮನ್ನಾ ಅಲ್ಲ.

ತಡ ಮಾಡಿದಷ್ಟೂ ನಷ್ಟ ಎಂಬುದು ಹೆಚ್ಚಳಕ್ಕೂ ಅನ್ವಯ. ಜೀವನಾಂಶ ಅರ್ಜಿಯ ದಿನದಿಂದ ಸಿಗಬೇಕು ಎಂದು ರಜನೀಶ್ ತೀರ್ಪು ಹೇಳಿದ ಮೇಲೆ ಹೆಚ್ಚಳದಲ್ಲೂ ಅದನ್ನೇ ಕೇಳಬಹುದು, ಕೇಳಲೇಬೇಕು. ಕೇಳದಿದ್ದರೆ ಕೆಲವು ಕೋರ್ಟುಗಳು ಆದೇಶದ ದಿನದಿಂದ ಕೊಟ್ಟು ಮುಗಿಸುತ್ತವೆ, ಮಧ್ಯದ ವರ್ಷಗಳು ಹಾರಿಹೋಗುತ್ತವೆ. ಅರ್ಜಿಗಿಂತ ಹಿಂದಿನ ಕಾಲಕ್ಕೆ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ಮಗಳು ಏಳನೆಯ ತರಗತಿಯಲ್ಲಿದ್ದಾಗ ಹಾಕಬೇಕಿದ್ದ ಅರ್ಜಿಯನ್ನು ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಹಾಕಿದರೆ ನಡುವಿನ ಮೂರು ವರ್ಷದ ವ್ಯತ್ಯಾಸ ತಾಯಿಯ ತಲೆಯ ಮೇಲೆ. ವಿಚಾರಣೆ ಎಳೆಯುತ್ತದೆ ಎನಿಸಿದರೆ ಮಧ್ಯಂತರ ಹೆಚ್ಚಳಕ್ಕೆ ಐಎ (ಮಧ್ಯಂತರ ಅರ್ಜಿ) ಹಾಕಿಸಿ, ಜೂನ್ ತಿಂಗಳ ಫೀಸಿನ ನೋಟಿಸನ್ನು ಅದಕ್ಕೆ ಲಗತ್ತಿಸಿ. ವಕೀಲರ ಫೀಸಿಗೆ ಹೆದರಿ ಹಿಂದೆ ಸರಿಯುವವರಿಗೆ: ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಉಚಿತ ವಕೀಲರು ಸಿಗುತ್ತಾರೆ. ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲೂ ಪ್ರಾಧಿಕಾರದ ಕಚೇರಿ ಇದೆ, ಸಹಾಯವಾಣಿ 15100. ಬೆಂಗಳೂರಿನಲ್ಲಾದರೆ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ಕೌಟುಂಬಿಕ ನ್ಯಾಯಾಲಯವೂ ಮಧ್ಯಸ್ಥಿಕೆ ಕೇಂದ್ರವೂ ಒಂದೇ ಸೂರಿನಡಿ ಇವೆ. ಮಧ್ಯಸ್ಥಿಕೆಗೆ ಕಳಿಸಿದರೆ ಬೇಡ ಎನ್ನಬೇಡಿ. ಹೆಚ್ಚಳದ ಕೇಸು ಕೊನೆಗೂ ಲೆಕ್ಕದ ಕೇಸು. ಹಳೆಯ ಜಗಳವನ್ನು ಬದಿಗಿಟ್ಟು ರಸೀದಿಗಳನ್ನು ಮೇಜಿನ ಮೇಲಿಟ್ಟರೆ ಅಲ್ಲೇ ಬಗೆಹರಿಯುವ ಸಾಧ್ಯತೆ ಹೆಚ್ಚು.

ಇಷ್ಟೆಲ್ಲ ಓಡಾಟ ಪ್ರತಿ ನಾಲ್ಕೈದು ವರ್ಷಕ್ಕೊಮ್ಮೆ ಯಾಕೆ ಬೇಕು ಎಂಬ ಪ್ರಶ್ನೆಗೆ ಬೇರೆ ದೇಶಗಳು ಉತ್ತರ ಕಂಡುಕೊಂಡಿವೆ. ಜರ್ಮನಿಯಲ್ಲಿ ಕೋರ್ಟುಗಳು ಬಳಸುವ 'ಡ್ಯೂಸೆಲ್‌ಡಾರ್ಫ್ ಪಟ್ಟಿ'ಯಲ್ಲಿ 5 ವರ್ಷದವರೆಗೆ, 6ರಿಂದ 11, 12ರಿಂದ 17 ಎಂದು ವಯಸ್ಸಿಗೆ ತಕ್ಕಂತೆ ಮೊತ್ತ ಏರುತ್ತದೆ. ಬ್ರಿಟನ್ನಿನಲ್ಲಿ ಮಕ್ಕಳ ಜೀವನಾಂಶ ನೋಡಿಕೊಳ್ಳುವ ಸರ್ಕಾರಿ ವ್ಯವಸ್ಥೆ ತೆರಿಗೆ ಇಲಾಖೆಯಿಂದ ಆದಾಯದ ವಿವರ ತರಿಸಿಕೊಂಡು ವರ್ಷಕ್ಕೊಮ್ಮೆ ತಾನೇ ಲೆಕ್ಕ ಪರಿಷ್ಕರಿಸುತ್ತದೆ. ನಮ್ಮಲ್ಲಿ ಅಂಥ ಪಟ್ಟಿ ಇಲ್ಲ. ಆದರೆ ಆದೇಶದಲ್ಲೇ ಏರಿಕೆಯನ್ನು ಬರೆಸಿಕೊಳ್ಳಲು ಅಡ್ಡಿಯೂ ಇಲ್ಲ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ರಾಖಿ ಸಾಧುಖಾನ್ ಪ್ರಕರಣದಲ್ಲಿ ಹೆಂಡತಿಯ ಶಾಶ್ವತ ಜೀವನಾಂಶವನ್ನು ತಿಂಗಳಿಗೆ 50,000ಕ್ಕೆ ಏರಿಸಿ, ಎರಡು ವರ್ಷಕ್ಕೊಮ್ಮೆ ಶೇ. 5ರಷ್ಟು ಹೆಚ್ಚಬೇಕು ಎಂದು ತಾನೇ ಬರೆಯಿತು. ಹೆಂಡತಿಗೆ ಬರೆದದ್ದನ್ನು ಮಗುವಿಗೂ ಕೇಳಬಹುದು. ಬೆಳೆಯುವ ಮಗುವಿಗೆ ಎರಡು ವರ್ಷಕ್ಕೆ ಶೇ. 5 ಸಾಲದು ಎಂದೇ ನನ್ನ ಅಭಿಪ್ರಾಯ, ವರ್ಷಕ್ಕೆ ಶೇ. 8ರಿಂದ 10 ಕೇಳಿ. ಅರ್ಜಿಯ ಕೊನೆಯ ಪ್ರಾರ್ಥನೆಯಲ್ಲಿ ಮೂರು ಸಂಗತಿ ಬಿಡಿಬಿಡಿಯಾಗಿ ಇರಲಿ: ತಿಂಗಳ ಮೊತ್ತ ಇಷ್ಟು, ಅರ್ಜಿಯ ದಿನಾಂಕದಿಂದ, ಪ್ರತಿ ವರ್ಷ ಜೂನ್ ತಿಂಗಳಿಂದ ಇಷ್ಟು ಶೇಕಡಾ ಹೆಚ್ಚಳದೊಂದಿಗೆ. ಕೇಳದ್ದನ್ನು ಕೋರ್ಟು ಕೊಡುವುದು ಅಪರೂಪ.

ಇನ್ನೊಂದು ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ, ಮಗುವಿಗೆ 18 ತುಂಬುವ ದಿನ. ಜೀವನಾಂಶದ ಹೆಚ್ಚಿನ ಆದೇಶಗಳು ಪ್ರಾಪ್ತ ವಯಸ್ಸಿನವರೆಗೆ ಎಂದೇ ಮುಗಿಯುತ್ತವೆ. ಪಿಯುಸಿ ಮುಗಿದು ಎಂಜಿನಿಯರಿಂಗ್, ನರ್ಸಿಂಗ್ ಫೀಸು ಕಟ್ಟಬೇಕಾದ ಹೊತ್ತಿಗೆ ಸರಿಯಾಗಿ ತಿಂಗಳ ಹಣ ನಿಲ್ಲುತ್ತದೆ. ಮಗನಿಗೆ ಆಗ ದಾರಿ ಕಿರಿದು. ಮೇಲೆ ಹೇಳಿದ 2025ರ ಪ್ರಕರಣದಲ್ಲೇ 26 ವರ್ಷದ ಮಗನಿಗೆ ಕಡ್ಡಾಯವಾಗಿ ಹಣ ಕೊಡಿಸಲು ಕೋರ್ಟು ಒಪ್ಪಲಿಲ್ಲ. ಮದುವೆಯಾಗದ ಹಿಂದೂ ಮಗಳಿಗೆ ಮಾತ್ರ ಇನ್ನೊಂದು ಬಾಗಿಲಿದೆ, 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆಯ ಕಲಂ 20(3). ತನ್ನನ್ನು ತಾನು ಸಾಕಿಕೊಳ್ಳಲಾಗದಿದ್ದರೆ 18ರ ನಂತರವೂ ಮದುವೆಯವರೆಗೆ ತಂದೆಯಿಂದ ಕೇಳಬಹುದು ಎಂದು 2020ರ ಅಭಿಲಾಷಾ ತೀರ್ಪು ಸ್ಪಷ್ಟಪಡಿಸಿದೆ. ಆದರೆ ಅದಕ್ಕೆ ಬೇರೆಯೇ ದಾವೆ ಬೇಕು, ಹಳೆಯ ಆದೇಶಕ್ಕೆ ಹೆಚ್ಚಳದ ಅರ್ಜಿ ಹಾಕಿದರೆ ನಡೆಯುವುದಿಲ್ಲ. ಮಗಳಿಗೆ 17 ನಡೆಯುತ್ತಿದ್ದರೆ ಎರಡರ ಕಾಗದವನ್ನೂ ಒಟ್ಟಿಗೇ ಸಿದ್ಧಮಾಡಲು ವಕೀಲರಿಗೆ ಹೇಳಿ. ಅವಳು 18 ಮುಗಿಸಿದ ಮೇಲೆ ಆ ದಾವೆಗೆ ಸಹಿ ಹಾಕಬೇಕಾದವಳು ತಾಯಿಯಲ್ಲ, ಮಗಳೇ.